ಚಿನ್ನದ ಹಿನ್ನೆಲೆಯಿಂದ ನೀಲಿ ಆಕಾಶದವರೆಗೆ: ಪುನರುಜ್ಜೀವನ ಕಾಲದ ಧಾರ್ಮಿಕ ಚಿತ್ರಕಲೆ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲನ್ನು ನೋಡಿ ಬಂದವರು ನಮ್ಮಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಗೋಡೆಯ ಮೇಲಿನ ಬಣ್ಣ ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಹೇಗೆ ತಾಳಿಕೊಂಡಿತು? ಸಂತರ ಮುಖಗಳು ನಮ್ಮ ನೆರೆಮನೆಯವರ ಮುಖಗಳಂತೆ ಇರುವುದೇಕೆ? ಹಳೆಯ ಚಿತ್ರಗಳಲ್ಲಿ ಕಾಣುವ ಚಿನ್ನದ ಹಿನ್ನೆಲೆ ಇಲ್ಲಿ ಏಕಿಲ್ಲ? ಆ ಚಾಪೆಲಿನ ಚಿತ್ರಗಳನ್ನು ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರ ಅವಧಿಯಲ್ಲಿ ಬರೆದರು ಎಂಬುದು ನಮ್ಮ ವಾಚಕರಿಗೆ ಗೊತ್ತಿರುವ ವಿಷಯ. ಆದರೆ ಅವರ ಕೈಯಲ್ಲಿದ್ದ ವಿದ್ಯೆ ಅವರಿಗಿಂತ ಬಹಳ ಹಳೆಯದು. ಅದು 14ರಿಂದ 16ನೇ ಶತಮಾನದವರೆಗೆ ಇಟಲಿಯ ಪಾದುವಾ, ಫ್ಲಾರೆನ್ಸ್, ವೆನಿಸ್, ರೋಮ್ ನಗರಗಳಲ್ಲಿ, ಹಾಗೂ ಉತ್ತರದ ಫ್ಲ್ಯಾಂಡರ್ಸ್ ಪ್ರಾಂತ್ಯದಲ್ಲಿ ಹಂತ ಹಂತವಾಗಿ ರೂಪುಗೊಂಡದ್ದು. ಈ ಲೇಖನದಲ್ಲಿ ಆ ಕಥೆಯನ್ನು ತಕ್ಕಮಟ್ಟಿಗೆ ವಿವರಿಸಲು ಪ್ರಯತ್ನಿಸಿದ್ದೇವೆ.

ಇದು ಬರೀ ಬಣ್ಣ, ಕುಂಚಗಳ ಕಥೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಚಿತ್ರವು ಕಣ್ಣಿಗೆ ಹೆಚ್ಚು ಹೆಚ್ಚು ನಿಜವಾದಂತೆ ಅದು ಪ್ರಾರ್ಥನೆಗೆ ಹತ್ತಿರವಾಯಿತೇ, ದೂರವಾಯಿತೇ ಎಂಬ ಪ್ರಶ್ನೆಯನ್ನು ಆ ಕಾಲದ ಧರ್ಮಸಭೆಯೇ ಕೇಳಿಕೊಂಡಿತು, ಅದಕ್ಕಾಗಿ ಜಗಳವಾಡಿತು, ಕೆಲವು ಚಿತ್ರಗಳಿಗೆ ಬಟ್ಟೆ ತೊಡಿಸಿತು, ಇನ್ನು ಕೆಲವನ್ನು ಬೆಂಕಿಗೂ ಹಾಕಿತು.

ಮೂರು ಮಾತೆಯರು, ಒಂದು ಕೋಣೆ

ಫ್ಲಾರೆನ್ಸಿನ ಉಫೀತ್ಸಿ ಸಂಗ್ರಹಾಲಯದ ಒಂದು ಕೋಣೆಯಲ್ಲಿ ಸಿಂಹಾಸನಾರೂಢ ಮಾತೆ ಮರಿಯಳ ಮೂರು ದೊಡ್ಡ ಚಿತ್ರಗಳಿವೆ. ಒಂದು ಚಿಮಾಬುಯೆ ಬರೆದದ್ದು, ಒಂದು 1285ರಲ್ಲಿ ಒಂದು ಭಕ್ತಸಂಘದ ಕೋರಿಕೆಯಂತೆ ದೂಚ್ಚೊ ಬರೆಯಲು ಒಪ್ಪಿಕೊಂಡದ್ದು, ಮೂರನೆಯದು 1300ರ ನಂತರದ ವರ್ಷಗಳಲ್ಲಿ ಜೊತ್ತೊ ಬರೆದದ್ದು. ಮೂರರಲ್ಲಿಯೂ ಹಿನ್ನೆಲೆ ಚಿನ್ನದ್ದೇ. ಮೊದಲೆರಡು ಚಿತ್ರಗಳಲ್ಲಿ ದೇವದೂತರು ಒಬ್ಬರ ಮೇಲೊಬ್ಬರು ಜೋಡಿಸಿಟ್ಟಂತೆ ತೇಲುತ್ತಾರೆ. ಅವರ ಪಾದಗಳಿಗೆ ನೆಲದ ಅಗತ್ಯವೇ ಇಲ್ಲ. ಜೊತ್ತೊ ಬರೆದ ಮಾತೆ ಮಾತ್ರ ನಿಜವಾಗಿಯೂ ಕುಳಿತಿದ್ದಾಳೆ. ಮೇಲುಹೊದಿಕೆಯ ಅಡಿಯಲ್ಲಿ ಅವಳ ಮೊಣಕಾಲುಗಳಿವೆ, ಎದೆಯಿದೆ, ದೇಹಕ್ಕೆ ಭಾರವಿದೆ. ಪಕ್ಕದಲ್ಲಿ ನಿಂತ ಸಂತರಲ್ಲಿ ಕೆಲವರ ಮುಖ ಸಿಂಹಾಸನದ ಬದಿಯ ಚೌಕಟ್ಟಿನ ಹಿಂದೆ ಅರ್ಧ ಮರೆಯಾಗಿದೆ. ಸಂತನೊಬ್ಬನ ಮುಖವನ್ನು ಮರೆಮಾಡುವ ಧೈರ್ಯ ಅದಕ್ಕೂ ಹಿಂದಿನ ಚಿತ್ರಕಾರರಿಗೆ ಸುಲಭವಾಗಿ ಬರುತ್ತಿರಲಿಲ್ಲ. ಇಡೀ ಪುನರುಜ್ಜೀವನ ಕಾಲದ ಬೀಜ ಆ ಅರ್ಧ ಮರೆಯಾದ ಮುಖದಲ್ಲಿದೆ ಎಂದು ನಮಗೆ ಅನ್ನಿಸುತ್ತದೆ.

ಇವು ಮರದ ಹಲಗೆಯ ಮೇಲಿನ ಚಿತ್ರಗಳು. ಆ ಕಾಲದ ಕೆಲಸದ ಕ್ರಮವನ್ನು ಸುಮಾರು 1400ರಲ್ಲಿ ಚೆನ್ನೀನೊ ಚೆನ್ನೀನಿ ಎಂಬ ಚಿತ್ರಕಾರ ತನ್ನ ಕೈಪಿಡಿಯಲ್ಲಿ ಬರೆದಿಟ್ಟಿದ್ದಾನೆ. ಪಾಪ್ಲರ್ ಮರದ ಹಲಗೆಗಳನ್ನು ಅಂಟಿಸಿ, ಮೇಲೆ ನಾರುಬಟ್ಟೆಯ ಪಟ್ಟಿಗಳನ್ನು ಹಚ್ಚಿ, ಪ್ರಾಣಿಗಳ ಚರ್ಮದಿಂದ ಕಾಸಿದ ಅಂಟಿನಲ್ಲಿ ಜಿಪ್ಸಮ್ ಪುಡಿಯನ್ನು ಕಲಸಿ ಹಲವು ಲೇಪ ಬಳಿದು, ಉಜ್ಜಿ ಉಜ್ಜಿ ದಂತದಂತೆ ನುಣುಪು ಮಾಡಬೇಕು. ಚಿನ್ನ ಬರುವ ಕಡೆ ಕೆಂಪು ಜೇಡಿಯನ್ನು ಹಚ್ಚಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸಿ, ಮಾಂಸ ತಿನ್ನುವ ಪ್ರಾಣಿಯ ಹಲ್ಲಿನಿಂದಲೋ ನುಣುಪು ಕಲ್ಲಿನಿಂದಲೋ ತಿಕ್ಕಿ ಹೊಳಪು ತರಬೇಕು. ಒಂದು ದುಕಾತ್ ನಾಣ್ಯದಿಂದ 145 ರೇಕುಗಳನ್ನು ಬಡಿದು ಮಾಡುವ ಅಕ್ಕಸಾಲಿಗರ ವಾಡಿಕೆಯನ್ನು ಒಪ್ಪದ ಚೆನ್ನೀನಿ, 100ಕ್ಕಿಂತ ಹೆಚ್ಚು ಮಾಡದಂತೆ ಹೇಳಿ ಎಂದು ಎಚ್ಚರಿಸುತ್ತಾನೆ.

ಬಣ್ಣವನ್ನು ಹಿಡಿದಿಡಲು ಬಳಸುತ್ತಿದ್ದದ್ದು ಕೋಳಿಮೊಟ್ಟೆಯ ಹಳದಿ. ಯುವಜನರ ಮುಖಕ್ಕೆ ಪಟ್ಟಣದ ಕೋಳಿಯ ಮೊಟ್ಟೆ, ಮುದುಕರ ಮತ್ತು ಕಪ್ಪುಮೈಯವರ ಮುಖಕ್ಕೆ ಹಳ್ಳಿಕೋಳಿಯ ಮೊಟ್ಟೆ ಎಂಬುದು ಚೆನ್ನೀನಿಯ ಸಲಹೆ. ಹಳ್ಳಿಯ ಮೊಟ್ಟೆಯ ಹಳದಿ ಹೆಚ್ಚು ಕೆಂಪಾಗಿರುತ್ತದೆ ಎಂಬುದೇ ಕಾರಣ. ಊರಕೋಳಿ, ಫಾರ್ಮ್ ಕೋಳಿಗಳ ವ್ಯತ್ಯಾಸ ಬಲ್ಲ ನಮ್ಮ ಅಡುಗೆಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಟ್ಟೆಯ ಬಣ್ಣ ಕ್ಷಣದಲ್ಲಿ ಒಣಗುತ್ತದೆ. ಆದ್ದರಿಂದ ಒಂದು ಬಣ್ಣವನ್ನು ಇನ್ನೊಂದರಲ್ಲಿ ಕರಗಿಸಲು ಆಗುವುದಿಲ್ಲ. ಸಣ್ಣ ಕುಂಚದಿಂದ ಕೂದಲೆಳೆಯಂತಹ ಗೆರೆಗಳನ್ನು ಸಾಲಾಗಿ ಎಳೆದು ನೆರಳನ್ನು ತರಬೇಕು. ಮುಖಕ್ಕೆ ಮೊದಲು ಹಸಿರು ಬಳಿದು, ಅದರ ಮೇಲೆ ಕೆಂಪು, ಬಿಳಿಗಳ ಗೆರೆ ಎಳೆಯುತ್ತಿದ್ದರು. ಕಾಲ ಕಳೆದು ಮೇಲಿನ ಬಣ್ಣ ಸವೆದಾಗ ಆ ಹಸಿರು ಹೊರಗಿಣುಕುತ್ತದೆ. ಹಳೆಯ ಚಿತ್ರಗಳಲ್ಲಿ ಮಾತೆ ಮರಿಯಳ ಮುಖ ಹಸಿರಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ.

ಚಿನ್ನದ ವಿಷಯದಲ್ಲಿ ಒಂದು ಮಾತು. ವಿದ್ಯುದ್ದೀಪದ ಕೆಳಗೆ ಅದು ಆಡಂಬರದಂತೆ ಕಾಣಬಹುದು. ಆದರೆ ಆ ಚಿತ್ರಗಳನ್ನು ಮಾಡಿದ್ದು ಕತ್ತಲು ತುಂಬಿದ ಇಗರ್ಜಿಗಳಿಗಾಗಿ, ಮೇಣದ ಬತ್ತಿಯ ಬೆಳಕಿಗಾಗಿ. ಬತ್ತಿಯ ಜ್ವಾಲೆ ಅಲುಗಿದಾಗ ಚಿನ್ನವೂ ಅಲುಗುತ್ತದೆ. ಮಾತೆ ಈ ಲೋಕದ ಯಾವ ಊರಿನಲ್ಲಿಯೂ ಅಲ್ಲದೆ ಬೆಳಕಿನಲ್ಲಿಯೇ ಕುಳಿತಂತೆ ತೋರುತ್ತಾಳೆ. ಮುಂದಿನ ಇನ್ನೂರು ವರ್ಷಗಳಲ್ಲಿ ಚಿತ್ರಕಲೆ ಗಳಿಸಿದ್ದು ಬಹಳ. ಈ ಅಲುಗುವ ಬೆಳಕನ್ನು ಅದು ಕಳೆದುಕೊಂಡಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಸಿ ಗಾರೆಯ ಲೆಕ್ಕ

ಗೋಡೆಗಳಿಗೆ ಬೇರೆಯೇ ವಿಧಾನ. ಅದನ್ನು ಫ್ರೆಸ್ಕೊ ಎನ್ನುತ್ತಾರೆ. ಸುಣ್ಣ, ಮರಳಿನ ಒರಟು ಗಾರೆಯ ಮೇಲೆ ಕೆಂಪು ಮಣ್ಣಿನ ಬಣ್ಣದಲ್ಲಿ ಚಿತ್ರದ ನಕ್ಷೆಯನ್ನು ಬರೆದು, ಅದರ ಮೇಲೆ ಪ್ರತಿ ಬೆಳಿಗ್ಗೆ ಆ ದಿನ ಮುಗಿಸಬಹುದಾದಷ್ಟೇ ಜಾಗಕ್ಕೆ ನುಣುಪು ಗಾರೆಯನ್ನು ಬಳಿಯುತ್ತಾರೆ. ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಒಣಗುವಾಗ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೆ ಸೆರೆಯಾಗುತ್ತದೆ. ಅದು ಗೋಡೆಯ ಮೇಲೆ ಹಚ್ಚಿದ ಬಣ್ಣವಲ್ಲ, ಗೋಡೆಯೇ ಬಣ್ಣವಾದದ್ದು. ಮೊಸ್ಕೇನಿಯವರು ನಮ್ಮ ಚಾಪೆಲಿನ ಗೋಡೆಗಳಲ್ಲಿ ಬಳಸಿದ್ದೂ ಇದೇ ವಿಧಾನ. ಚಾವಣಿಗೆ ಮಾತ್ರ ಕ್ಯಾನ್‌ವಾಸಿನ ಮೇಲೆ ತೈಲವರ್ಣದಲ್ಲಿ ಬರೆದರು. ತಪ್ಪಾದರೆ ಅಳಿಸಲು ಬರುವುದಿಲ್ಲ. ಆ ದಿನದ ಗಾರೆಯನ್ನೇ ಕೆರೆದು ತೆಗೆದು ಮರುದಿನ ಹೊಸದಾಗಿ ಶುರುಮಾಡಬೇಕು. ದಿನದಿನದ ಗಾರೆಯ ಅಂಚುಗಳು ಇಂದಿಗೂ ಕಾಣುವುದರಿಂದ ಒಂದು ಚಿತ್ರ ಎಷ್ಟು ದಿನಗಳ ಕೆಲಸ ಎಂಬುದನ್ನು ತಜ್ಞರು ಎಣಿಸಿ ಹೇಳಬಲ್ಲರು.

ಈ ವಿಧಾನದಲ್ಲಿ ಜೊತ್ತೊ ಪಾದುವಾ ನಗರದ ಸ್ಕ್ರೊವೇಞಿ ಚಾಪೆಲನ್ನು ಬರೆದನು. ಅದು 1305ರ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದ ದಿನ ಪ್ರತಿಷ್ಠೆಯಾಯಿತು. ಕಟ್ಟಿಸಿದ ಎನ್ರಿಕೊ ಸ್ಕ್ರೊವೇಞಿಯ ತಂದೆ ಬಡ್ಡಿ ವ್ಯಾಪಾರಿ. ಅವನನ್ನು ಕವಿ ದಾಂತೆ ತನ್ನ ಕಾವ್ಯದ ನರಕದಲ್ಲಿ ಕೂರಿಸಿದ್ದಾನೆ. ಅಲ್ಲಿಯ ‘ಶವದ ಮುಂದೆ ಶೋಕ’ ಚಿತ್ರದಲ್ಲಿ ಶಿಲುಬೆಯಿಂದ ಇಳಿಸಿದ ಯೇಸುವಿನ ದೇಹವನ್ನು ತಾಯಿ ತಬ್ಬಿ ಹಿಡಿದಿದ್ದಾಳೆ. ಮುಂಭಾಗದಲ್ಲಿ ಇಬ್ಬರು ನಮಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತಿದ್ದಾರೆ, ಅವರ ಮುಖ ಕಾಣುವುದೇ ಇಲ್ಲ. ಸಾವಿನ ಮನೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತವರಿಗೆ ಕಾಣುವುದು ಹೀಗೆಯೇ ಅಲ್ಲವೇ? ಮೇಲೆ ಚಿನ್ನವಿಲ್ಲ, ನೀಲಿ ಆಕಾಶವಿದೆ. ಅದರಲ್ಲಿ ಪುಟ್ಟ ದೇವದೂತರು ಕೈ ಹಿಸುಕಿಕೊಂಡು ಅಳುತ್ತಾರೆ.

ದಾರ, ಮೊಳೆ ಮತ್ತು ಅಸ್ಥಿಪಂಜರ

ಮುಂದಿನ ದೊಡ್ಡ ಹೆಜ್ಜೆ ಗಣಿತದ್ದು. ಫ್ಲಾರೆನ್ಸಿನ ಮಹಾಮಂದಿರದ ಗುಮ್ಮಟವನ್ನು ಕಟ್ಟಿದ ಬ್ರುನೆಲ್ಲೆಸ್ಕಿ ದೂರದ ವಸ್ತುಗಳು ಕಿರಿದಾಗುತ್ತಾ ಹೋಗಿ ಒಂದೇ ಬಿಂದುವಿನಲ್ಲಿ ಸೇರುವ ಕ್ರಮವನ್ನು ಪ್ರಯೋಗದಿಂದ ತೋರಿಸಿದನು. ಆಲ್ಬೆರ್ತಿ ಎಂಬ ವಿದ್ವಾಂಸ 1435ರಲ್ಲಿ ಅದನ್ನು ಪುಸ್ತಕವಾಗಿ ಬರೆದನು. ಪರ್ಸ್ಪೆಕ್ಟಿವ್ ಎಂದು ಇಂದು ಶಾಲೆಯ ಡ್ರಾಯಿಂಗ್ ಮಾಸ್ತರರು ಕಲಿಸುವುದು ಇದನ್ನೇ. ರೈಲು ಹಳಿಗಳ ನಡುವೆ ನಿಂತು ನೋಡಿದವರಿಗೆ ಬೇರೆ ವಿವರಣೆ ಬೇಡ.

ಆಲ್ಬೆರ್ತಿ ಬರೆಯುವುದಕ್ಕೂ ಮೊದಲೇ, ಸುಮಾರು 1427ರಲ್ಲಿ, ಮಸಾಚ್ಚೊ ಎಂಬ ಯುವಕ ಫ್ಲಾರೆನ್ಸಿನ ಸಾಂತ ಮರೀಯ ನೊವೆಲ್ಲ ಇಗರ್ಜಿಯ ಗೋಡೆಯಲ್ಲಿ ಪರಮ ತ್ರಿತ್ವದ ಚಿತ್ರವನ್ನು ಬರೆದನು. ಗಾರೆಯಲ್ಲಿ ಮೊಳೆ ನೆಟ್ಟು ದಾರ ಎಳೆದು ಗುರುತು ಮಾಡಿದ ಗೆರೆಗಳು ಇಂದಿಗೂ ಅಲ್ಲಿ ಕಾಣುತ್ತವೆ. ಚಿತ್ರದ ಮುಂದೆ ನಿಂತರೆ ಗೋಡೆಯನ್ನು ಕೊರೆದು ಒಂದು ಕಮಾನಿನ ಚಾಪೆಲ್ ಕಟ್ಟಿದಂತೆ ಭಾಸವಾಗುತ್ತದೆ. ಶಿಲುಬೆಯ ಹಿಂದೆ ಪಿತ ನಿಂತಿದ್ದಾರೆ, ನಡುವೆ ಪಾರಿವಾಳದ ರೂಪದಲ್ಲಿ ಪವಿತ್ರಾತ್ಮ. ಖರ್ಚು ವಹಿಸಿದ ದಂಪತಿ ಹೊರಗೆ ಮೊಣಕಾಲೂರಿದ್ದಾರೆ. ದೊಡ್ಡವರ ಮುಂದೆ ಅವರನ್ನು ಕುಳ್ಳರಾಗಿ ಬರೆಯದೆ ಆಳಿನ ಅಳತೆಯಲ್ಲಿಯೇ ಬರೆದದ್ದು ಹೊಸದು. ಕೆಳಗೆ ಒಂದು ಅಸ್ಥಿಪಂಜರ ಮಲಗಿದೆ. ಅದರ ಮೇಲಿನ ಬರಹ ದಾರಿಹೋಕನಿಗೆ ಅವನ ಮುಂದಿನ ಸ್ಥಿತಿಯನ್ನು ನೆನಪಿಸುತ್ತದೆ. ಚಿತ್ರದ ಗೆರೆಗಳೆಲ್ಲ ಸೇರುವ ಬಿಂದು ಶಿಲುಬೆಯ ಬುಡದಲ್ಲಿ, ನಿಂತು ನೋಡುವವನ ಕಣ್ಣಿನ ಎತ್ತರದಲ್ಲಿದೆ. ಕಣ್ಣೆತ್ತಿದರೆ ದೇವರು, ಕಣ್ಣು ತಗ್ಗಿಸಿದರೆ ಮಣ್ಣು. ಸೆಮಿನರಿಯಲ್ಲಿ ತ್ರಿತ್ವದ ಪಾಠವನ್ನು ನಾವು ತಿಂಗಳುಗಟ್ಟಲೆ ಓದಿದ್ದೇವೆ. ಯಾವ ಪಠ್ಯವೂ ನಮ್ಮನ್ನು ಹೀಗೆ ಸರಿಯಾದ ಜಾಗದಲ್ಲಿ ನಿಲ್ಲಿಸಿರಲಿಲ್ಲ.

ಮಸಾಚ್ಚೊ 1428ರಲ್ಲಿ, ಇಪ್ಪತ್ತೇಳರ ಆಸುಪಾಸಿನ ವಯಸ್ಸಿನಲ್ಲಿ ತೀರಿಕೊಂಡನು. ಅವನ ತ್ರಿತ್ವದ ಗತಿಯೂ ಹೇಳುವಂಥದ್ದೇ. ಸುಮಾರು 1570ರಲ್ಲಿ ಆ ಗೋಡೆಯ ಮುಂದೆ ಜಪಮಾಲೆ ಮಾತೆಯ ಹೊಸ ಅಲ್ತಾರ್ ಎದ್ದಿತು. ಚಿತ್ರ ಅದರ ಹಿಂದೆ ಮರೆಯಾಯಿತು. 1860ರ ಸುಮಾರಿಗೆ ಅಲ್ತಾರ್ ತೆಗೆದಾಗ ಅದು ಮತ್ತೆ ಕಾಣಿಸಿತು. ಅಸ್ಥಿಪಂಜರದ ಭಾಗ ಅದರೊಂದಿಗೆ ಕೂಡಿದ್ದು 1952ರಲ್ಲಿ. ಮುಚ್ಚಿದವನು ಚಿತ್ರಕಾರರ ಜೀವನಚರಿತ್ರೆ ಬರೆದ ವಸಾರಿಯೇ; ಅದೇ ಪುಸ್ತಕದಲ್ಲಿ ಅವನು ಈ ಚಿತ್ರವನ್ನು ಹೊಗಳಿದ್ದನು. ಒಡೆಯದೆ ಮುಚ್ಚಿದ್ದೇ ನಮ್ಮ ಪುಣ್ಯ. ನಮ್ಮ ಕಡೆಯ ಒಂದು ಹಳೆಯ ಇಗರ್ಜಿಯಲ್ಲಿ, ಹೆಸರು ಬೇಡ, ಹಬ್ಬದ ಮುನ್ನಾ ವಾರ ಮರದ ಅಲ್ತಾರಿನ ಮೇಲಿನ ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು ಎನಾಮೆಲ್ ಪೇಂಟ್ ಬಳಿದದ್ದನ್ನು ನಾವು ಕಂಡಿದ್ದೇವೆ. ಅದು ಬಹಳ ಹೊಳೆಯುತ್ತಿತ್ತು. ಕೆಳಗಿದ್ದದ್ದು ಏನೆಂದು ಇನ್ನು ಯಾರಿಗೂ ತಿಳಿಯುವಂತಿಲ್ಲ.

ಒಬ್ಬ ಸನ್ಯಾಸಿಯ ಕೋಣೆಗಳು

ಹೊಸ ವಿದ್ಯೆಯನ್ನು ಕಲಿತೂ ಪ್ರಾರ್ಥನೆಯನ್ನು ಬಿಡದವರು ಯಾರು ಎಂದು ಕೇಳಿದರೆ ನಮ್ಮ ಉತ್ತರ ಫ್ರಾ ಆಂಜೆಲಿಕೊ. ಡೊಮಿನಿಕನ್ ಸಭೆಯ ಈ ಗುರುಗಳು ತಮ್ಮ ಸಂಗಡಿಗರೊಂದಿಗೆ 1438ರ ನಂತರದ ವರ್ಷಗಳಲ್ಲಿ ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ ಸನ್ಯಾಸಿಗಳ ಒಂದೊಂದು ಕೋಣೆಗೂ ಒಂದೊಂದು ಫ್ರೆಸ್ಕೊ ಬರೆದರು. ಮೂರನೆಯ ಕೋಣೆಯ ಮಂಗಳವಾರ್ತೆಯಲ್ಲಿ ಬರಿಯ ಬಿಳಿ ಗೋಡೆ, ಬಿಳಿ ಕಮಾನು, ದೇವದೂತ, ಮರಿಯ, ಬದಿಯಲ್ಲಿ ಪ್ರಾರ್ಥಿಸುತ್ತಾ ನಿಂತ ಒಬ್ಬ ಸಂತ. ಬೆಲೆಬಾಳುವ ನೀಲಿಯಿಲ್ಲ, ಚಿನ್ನದ ಮೆರುಗಿಲ್ಲ. ಕಮಾನಿನ ಆಳವನ್ನು ತೋರಿಸಲು ಅವರು ಹೊಸ ಗಣಿತವನ್ನು ಬಳಸಿದ್ದಾರೆ, ಆದರೆ ಮೆರೆಸಿಲ್ಲ. ಏಳನೆಯ ಕೋಣೆಯಲ್ಲಿ ಯೇಸುವಿನ ಅವಮಾನದ ಚಿತ್ರವಿದೆ: ಕಣ್ಣಿಗೆ ಬಟ್ಟೆ ಕಟ್ಟಿದ ಕ್ರಿಸ್ತನ ಸುತ್ತ ದೇಹವಿಲ್ಲದ ಕೈಗಳು, ಉಗುಳುವ ಒಂದು ತಲೆ ಗಾಳಿಯಲ್ಲಿ ತೇಲುತ್ತಿವೆ. ಹೊಡೆದವರು ಯಾರು ಎಂಬುದು ಮುಖ್ಯವಲ್ಲ ಎಂದು ಚಿತ್ರಕಾರರು ತೀರ್ಮಾನಿಸಿದಂತಿದೆ. ಆ ಕೋಣೆಯ ಸನ್ಯಾಸಿ ದಿನವೂ ಮಲಗಿ ಏಳುತ್ತಿದ್ದದ್ದು ಈ ಚಿತ್ರದ ಎದುರಿಗೆ. ಜಗದ್ಗುರು ಎರಡನೆಯ ಜಾನ್ ಪಾವ್ಲರು 1982ರಲ್ಲಿ ಫ್ರಾ ಆಂಜೆಲಿಕೊರವರಿಗೆ ಪುನೀತ ಪದವಿಯನ್ನು ನೀಡಿ, 1984ರಲ್ಲಿ ಅವರನ್ನು ಕಲಾವಿದರ ಪಾಲಕರೆಂದು ಘೋಷಿಸಿದರು.

ಎಣ್ಣೆ ಬಂತು

ಇಟಲಿಯಲ್ಲಿ ಗಣಿತ ಬೆಳೆಯುತ್ತಿದ್ದಾಗ ಉತ್ತರದ ಫ್ಲ್ಯಾಂಡರ್ಸಿನಲ್ಲಿ ಬೇರೆಯೇ ಮಾರ್ಗ ತೆರೆಯಿತು. ಅಗಸೆಬೀಜದ ಎಣ್ಣೆಯಲ್ಲಿ ಬಣ್ಣ ಅರೆಯುವುದನ್ನು ಯಾನ್ ವಾನ್ ಐಕ್ ಕಂಡುಹಿಡಿದನೆಂದು ವಸಾರಿ ಬರೆದ. ಅದು ಸರಿಯಲ್ಲ, ಎಣ್ಣೆಬಣ್ಣ ಅದಕ್ಕೂ ಹಿಂದಿನದು. ಆದರೆ ಅದರಿಂದ ಏನು ಸಾಧ್ಯ ಎಂಬುದನ್ನು ತೋರಿಸಿದವನು ಅವನೇ. ಅಣ್ಣ ಹ್ಯೂಬರ್ಟ್ ಆರಂಭಿಸಿ ಯಾನ್ ಮುಗಿಸಿದ ಗೆಂಟ್ ನಗರದ ಅಲ್ತಾರ್ ಚಿತ್ರ 1432ರಲ್ಲಿ ಪೂರ್ಣವಾಯಿತು. ಎಣ್ಣೆಯ ಬಣ್ಣ ನಿಧಾನವಾಗಿ ಒಣಗುತ್ತದೆ, ಆದ್ದರಿಂದ ಒಂದರೊಳಗೊಂದನ್ನು ಕರಗಿಸಬಹುದು. ತೆಳುವಾದ ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ಹಚ್ಚಿದರೆ ಬೆಳಕು ಒಳಗೆ ಹೊಕ್ಕು ಬಿಳಿಯ ತಳಕ್ಕೆ ತಾಗಿ ಮರಳಿ ಬರುತ್ತದೆ. ಮುತ್ತು, ಮಖಮಲ್ಲು, ಕಣ್ಣೀರ ಹನಿ ಎಲ್ಲವೂ ಈಗ ಕೈಗೆಟುಕಿದವು. ಚಿನ್ನದ ಕಿರೀಟವನ್ನು ಬರೆಯಲು ಚಿನ್ನವೇ ಬೇಕಾಗಲಿಲ್ಲ, ಹಳದಿ ಮತ್ತು ಕಂದು ಬಣ್ಣ ಸಾಕಾದವು.

ಇದು ಇಟಲಿಗೆ ತಲುಪಿದ್ದು ವ್ಯಾಪಾರದ ದಾರಿಯಲ್ಲಿ. ಮೆದಿಚಿ ಬ್ಯಾಂಕಿನ ಬ್ರೂಜ್ ಶಾಖೆಯಲ್ಲಿದ್ದ ತೊಮ್ಮಾಸೊ ಪೋರ್ತಿನಾರಿ ಅಲ್ಲಿಯ ಚಿತ್ರಕಾರ ಹ್ಯೂಗೊ ವಾನ್ ಡರ್ ಗೂಸ್‌ನಿಂದ ಬರೆಯಿಸಿದ ದೊಡ್ಡ ಅಲ್ತಾರ್ ಚಿತ್ರ 1483ರಲ್ಲಿ ಹಡಗಿನಲ್ಲಿ ಬಂದು ಫ್ಲಾರೆನ್ಸಿನ ಆಸ್ಪತ್ರೆಯೊಂದರ ಇಗರ್ಜಿಯನ್ನು ಸೇರಿತು. ಅದರಲ್ಲಿ ಹಸುಳೆ ಯೇಸುವಿನ ಬಳಿಗೆ ಓಡಿ ಬಂದ ಮೂವರು ಕುರುಬರಿದ್ದಾರೆ: ಒರಟು ಕೈಗಳು, ಹಲ್ಲು ಉದುರಿದ ಬಾಯಿ, ಅಚ್ಚರಿಯಿಂದ ತೆರೆದ ತುಟಿ. ಬಡವರನ್ನು ಬಡವರಂತೆಯೇ, ಆದರೆ ನಗೆಪಾಟಲಿಗೆ ಅಲ್ಲದೆ, ಅಲ್ತಾರಿನ ಮೇಲೆ ಬರೆದದ್ದು ಫ್ಲಾರೆನ್ಸಿನವರ ಕಣ್ಣು ತೆರೆಸಿತು. ಎರಡೇ ವರ್ಷಗಳಲ್ಲಿ, 1485ರಲ್ಲಿ, ಗಿರ್ಲಾಂದಾಯೊ ಸಾಂತ ತ್ರೀನಿತ ಇಗರ್ಜಿಗೆ ಬರೆದ ಕ್ರಿಸ್ತಜನನದಲ್ಲಿ ಅಂಥದೇ ಕುರುಬರು ಮೊಣಕಾಲೂರಿದರು.

ಆದರೆ ಚಿತ್ರ ಬರೆಯಿಸುವವರು ಹಳೆಯ ಲೆಕ್ಕವನ್ನು ಪೂರ್ತಿ ಬಿಟ್ಟಿರಲಿಲ್ಲ. ಅದೇ 1485ರಲ್ಲಿ ಫ್ಲಾರೆನ್ಸಿನ ಅನಾಥಾಲಯದ ಮುಖ್ಯಸ್ಥರು ಮೂವರು ಜ್ಞಾನಿಗಳ ಆರಾಧನೆಯ ಚಿತ್ರಕ್ಕಾಗಿ ಗಿರ್ಲಾಂದಾಯೊನೊಂದಿಗೆ ಮಾಡಿಕೊಂಡ ಕರಾರು ಉಳಿದಿದೆ. ಒಟ್ಟು ಮೊತ್ತ 115 ಫ್ಲೋರಿನ್. ನೀಲಿ ಬಣ್ಣ ಔನ್ಸಿಗೆ ಸುಮಾರು 4 ಫ್ಲೋರಿನ್ ಬೆಲೆಯದ್ದೇ ಆಗಿರಬೇಕು ಎಂಬ ಷರತ್ತು! ಆ ನೀಲಿಯನ್ನು ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ಲಾಜವರ್ದ ಕಲ್ಲನ್ನು ಅರೆದು ತೆಗೆಯುತ್ತಿದ್ದರು. ಮಾತೆ ಮರಿಯಳ ಮೇಲುಹೊದಿಕೆ ಅಷ್ಟು ನೀಲಿಯಾಗಿರುವುದಕ್ಕೆ ಭಕ್ತಿಯೂ ಕಾರಣ, ಬೆಲೆಯೂ ಕಾರಣ: ಅತ್ಯಂತ ದುಬಾರಿಯಾದದ್ದು ಆಕೆಗೆ.

ವೆನಿಸ್ ನಮ್ಮಂತೆ ಸಮುದ್ರದ ಊರು. ಅಲ್ಲಿ ಉಪ್ಪುಗಾಳಿಗೆ, ತೇವಕ್ಕೆ ಫ್ರೆಸ್ಕೊ ಗೋಡೆಗಳಿಂದ ಕಳಚಿ ಬೀಳುತ್ತಿತ್ತು. ಹಡಗಿನ ಹಾಯಿಬಟ್ಟೆಗೆ ಮಾತ್ರ ಅಲ್ಲಿ ಕೊರತೆಯಿರಲಿಲ್ಲ. ಹೀಗೆ ಗೋಡೆಯ ಬದಲು ಕ್ಯಾನ್‌ವಾಸಿನ ಮೇಲೆ ಎಣ್ಣೆಯಲ್ಲಿ ಬರೆಯುವುದು ಅಲ್ಲಿ ಬೇರೂರಿತು. ಸಿಸಿಲಿಯ ಅಂತೊನೆಲ್ಲೊ ದಾ ಮೆಸ್ಸೀನ 1475ರಲ್ಲಿ ಅಲ್ಲಿಗೆ ಬಂದು ಎಣ್ಣೆಯ ಸೂಕ್ಷ್ಮವನ್ನು ತೋರಿಸಿದನು. ಜೊವಾನ್ನಿ ಬೆಲ್ಲೀನಿ ಅದನ್ನು ಪಳಗಿಸಿದನು. 1505ರಲ್ಲಿ ಬೆಲ್ಲೀನಿ ಬರೆದ ಸಾನ್ ಜಕರೀಯ ಇಗರ್ಜಿಯ ಅಲ್ತಾರ್ ಚಿತ್ರದಲ್ಲಿ ಮಾತೆ, ಸಂತರು ಎಲ್ಲರೂ ಒಂದೇ ಮೌನದಲ್ಲಿ, ಒಂದೇ ಸಂಜೆಯ ಬೆಳಕಿನಲ್ಲಿ ನಿಂತಿದ್ದಾರೆ. ಚಿನ್ನ ಮಾಡುತ್ತಿದ್ದ ಕೆಲಸವನ್ನು ಗಾಳಿಯೇ ಮಾಡುವಂತೆ ಬರೆದ ಚಿತ್ರ ಇದು. ಅವನ ಶಿಷ್ಯರಲ್ಲೊಬ್ಬನಾದ ಟಿಶಿಯನ್ 1518ರಲ್ಲಿ ಫ್ರಾರಿ ಇಗರ್ಜಿಗೆ ಸುಮಾರು 7 ಮೀಟರ್ ಎತ್ತರದ ಮರದ ಹಲಗೆಯ ಮೇಲೆ ಮಾತೆಯ ಸ್ವರ್ಗಸ್ವೀಕಾರವನ್ನು ಬರೆದಾಗ, ಅಷ್ಟು ದೊಡ್ಡ, ಅಷ್ಟು ಚಲಿಸುವ ಪ್ರೇಷಿತರನ್ನು ಕಂಡು ಅಲ್ಲಿಯ ಫ್ರಾನ್ಸಿಸ್ಕನ್ನರು ಹಿಂದೆಮುಂದೆ ನೋಡಿದರೆಂದು ಹಳೆಯ ಲೇಖಕರು ಬರೆಯುತ್ತಾರೆ.

ಪ್ರಯೋಗದ ಬೆಲೆ

ಲಿಯೊನಾರ್ದೊ ದಾ ವಿಂಚಿಯ ‘ಕಡೆಯ ಭೋಜನ’ ನಮ್ಮ ಕ್ರೈಸ್ತ ಮನೆಗಳ ಊಟದ ಕೋಣೆಯಲ್ಲಿ ಕ್ಯಾಲೆಂಡರ್ ರೂಪದಲ್ಲಾದರೂ ತೂಗುತ್ತಿರುತ್ತದೆ. ಮಿಲಾನಿನ ಸಾಂತ ಮರೀಯ ದೆಲ್ಲೆ ಗ್ರಾತ್ಸಿಯೆ ಮಠದ ಭೋಜನಶಾಲೆಯಲ್ಲಿ ಇದನ್ನು 1495ರಿಂದ 1498ರವರೆಗೆ ಬರೆಯಲಾಯಿತು. ಯೇಸುವಿನ ತಲೆಗೆ ಪ್ರಭಾವಳಿಯಿಲ್ಲ. ಹಿಂದಿನ ಕಿಟಕಿಯ ಬೆಳಕೇ ಪ್ರಭಾವಳಿ. ಕೋಣೆಯ ಗೆರೆಗಳೆಲ್ಲ ಅವರ ತಲೆಯ ಬಳಿ ಸೇರುತ್ತವೆ, ಅಲ್ಲಿ ಮೊಳೆ ನೆಟ್ಟ ತೂತು ಕೂಡ ಸಿಕ್ಕಿದೆ. ಹಿಂದಿನವರು ಯೂದನನ್ನು ಮೇಜಿನ ಈಚೆ ಒಂಟಿಯಾಗಿ ಕೂರಿಸುತ್ತಿದ್ದರು. ಲಿಯೊನಾರ್ದೊ ಅವನನ್ನು ಉಳಿದವರ ನಡುವೆಯೇ ಕೂರಿಸಿದನು. ‘ನಿಮ್ಮಲ್ಲಿ ಒಬ್ಬನು’ ಎಂಬ ಮಾತಿಗೆ ಆಗ ಬರುವ ಅರ್ಥವೇ ಬೇರೆ.

ಫ್ರೆಸ್ಕೊದ ಅವಸರ ಲಿಯೊನಾರ್ದೊಗೆ ಒಗ್ಗುತ್ತಿರಲಿಲ್ಲ. ಅವನಿಗೆ ಯೋಚಿಸಲು, ತಿದ್ದಲು ಸಮಯ ಬೇಕಿತ್ತು. ಆದ್ದರಿಂದ ಒಣ ಗೋಡೆಯ ಮೇಲೆ ಮೊಟ್ಟೆ ಮತ್ತು ಎಣ್ಣೆಯ ಬಣ್ಣಗಳನ್ನು ಹಲಗೆಯ ಮೇಲೆ ಹಚ್ಚಿದಂತೆ ಹಚ್ಚಿದನು. ಗೋಡೆ ತೇವವನ್ನು ಹೀರಿತು, ಬಣ್ಣ ಹೊಪ್ಪಳೆಯೆದ್ದಿತು. 1517ರಲ್ಲಿ ನೋಡಿದ ಪ್ರವಾಸಿಯೊಬ್ಬನೇ ಅದು ಕೆಡತೊಡಗಿದೆ ಎಂದು ಬರೆದಿಟ್ಟಿದ್ದಾನೆ. 1652ರಲ್ಲಿ ಬಾಗಿಲಿಗಾಗಿ ಗೋಡೆಯನ್ನು ಒಡೆದಾಗ ಯೇಸುವಿನ ಪಾದಗಳೇ ಹೋದವು. ಆ ಕೆಲಸ ಮಾಡಿದವರು ಪರಕೀಯರೇನೂ ಅಲ್ಲ, ಮಠದವರೇ. 1943ರ ಆಗಸ್ಟಿನಲ್ಲಿ ಬಾಂಬು ಬಿದ್ದು ಭೋಜನಶಾಲೆ ಕುಸಿದರೂ ಮರಳಿನ ಚೀಲಗಳ ಆಸರೆಯಿಂದ ಚಿತ್ರದ ಗೋಡೆ ನಿಂತಿತು. 1978ರಿಂದ 1999ರವರೆಗೆ ನಡೆದ ದುರಸ್ತಿಯ ನಂತರ ನಾವು ಕಾಣುವುದರಲ್ಲಿ ಲಿಯೊನಾರ್ದೊನ ಸ್ವಂತ ಬಣ್ಣ ಉಳಿದಿರುವುದು ಸ್ವಲ್ಪವೇ.

ಬೆಂಕಿ, ಬಟ್ಟೆ ಮತ್ತು ಗಿಳಿ

ಮಿಲಾನಿನಲ್ಲಿ ಈ ಕೆಲಸ ನಡೆಯುತ್ತಿದ್ದಾಗಲೇ, ಫ್ರಾ ಆಂಜೆಲಿಕೊ ಚಿತ್ರ ಬರೆದ ಸಾನ್ ಮಾರ್ಕೊ ಮಠದ ಅಧಿಪತಿಯಾಗಿದ್ದ ಸವೊನರೋಲ ಫ್ಲಾರೆನ್ಸಿನಲ್ಲಿ ಗುಡುಗುತ್ತಿದ್ದರು. ಬಡವಳಾಗಿದ್ದ ಮರಿಯಳಿಗೆ ಚಿತ್ರಕಾರರು ಶ್ರೀಮಂತ ಹೆಂಗಸರ ಉಡುಗೆ ತೊಡಿಸುತ್ತಾರೆ ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. 1497ರ ಫೆಬ್ರವರಿ 7ರಂದು ಅವರ ಅನುಯಾಯಿಗಳು ಕನ್ನಡಿ, ಆಭರಣ, ಪುಸ್ತಕಗಳೊಂದಿಗೆ ಚಿತ್ರಗಳನ್ನೂ ರಾಶಿಹಾಕಿ ಸುಟ್ಟರು. ಮರುವರ್ಷ ಮೇ 23ರಂದು ಅದೇ ಚೌಕದಲ್ಲಿ ಸವೊನರೋಲರನ್ನೇ ಗಲ್ಲಿಗೇರಿಸಿ ಸುಡಲಾಯಿತು. ಬೊತ್ತಿಚೆಲ್ಲಿ 1500ರಲ್ಲಿ ಬರೆದ ಕ್ರಿಸ್ತಜನನದಲ್ಲಿ ಮಾತೆ ಮರಿಯ ಉಳಿದವರಿಗಿಂತ ದೊಡ್ಡವಳಾಗಿ, ಗಣಿತದ ಲೆಕ್ಕಕ್ಕೆ ಸಿಗದೆ, ಹಳೆಯ ಚಿತ್ರಗಳಂತೆ ಕಾಣುತ್ತಾಳೆ. ಪರ್ಸ್ಪೆಕ್ಟಿವ್ ಚೆನ್ನಾಗಿ ಬಲ್ಲ ಕೈ ಅದನ್ನು ಬೇಡವೆಂದು ಬದಿಗಿಟ್ಟ ಅಪರೂಪದ ನಿದರ್ಶನವಿದು.

ಮೈಕೆಲೆಂಜೆಲೊ ಸಿಸ್ಟೀನ್ ಚಾಪೆಲಿನ ಚಾವಣಿಯನ್ನು 1508ರಿಂದ 1512ರವರೆಗೆ ಬರೆದ ಕಥೆ ಎಲ್ಲರಿಗೂ ಗೊತ್ತು. ಆರಂಭದಲ್ಲಿಯೇ ಗಾರೆಗೆ ಬೂಷ್ಟು ಹಿಡಿದು ಅವನು ಕೈಚೆಲ್ಲಿ ಕುಳಿತದ್ದು, ರೋಮಿನ ಸುಣ್ಣಕ್ಕೆ ನೀರು ಹೆಚ್ಚಾದದ್ದೇ ಕಾರಣವೆಂದು ಸಾಂಗಾಲ್ಲೊ ಎಂಬ ವಾಸ್ತುಶಿಲ್ಪಿ ಬಂದು ಹೇಳಿಕೊಟ್ಟದ್ದು ಅಷ್ಟಾಗಿ ಗೊತ್ತಿಲ್ಲ. ನಾವು ಇಲ್ಲಿ ನಿಲ್ಲಬೇಕಾದದ್ದು ಅದೇ ಚಾಪೆಲಿನ ಅಲ್ತಾರಿನ ಹಿಂದಿನ ಗೋಡೆಯ ಮುಂದೆ. 1541ರಲ್ಲಿ ತೆರೆ ಸರಿದ ‘ಅಂತಿಮ ತೀರ್ಪು’ ಚಿತ್ರದಲ್ಲಿ ಸಂತರೂ ಪಾಪಿಗಳೂ ಬಹುಪಾಲು ಬೆತ್ತಲೆ. ಪುನರುತ್ಥಾನವಾಗುವುದು ದೇಹ, ದೇವರು ಸೃಷ್ಟಿಸಿದ ದೇಹವೇ ದೇವರ ಮುಂದೆ ಎದ್ದು ನಿಲ್ಲುತ್ತದೆ. ದೈವಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅದು ಬಲಿಪೂಜೆ ನಡೆಯುವ ಜಾಗ, ಮತ್ತು ಅಷ್ಟರಲ್ಲಿ ಪ್ರೊಟೆಸ್ಟಂಟ್ ಸುಧಾರಕರು ಚಿತ್ರಗಳನ್ನೇ ಇಗರ್ಜಿಗಳಿಂದ ಹೊರಹಾಕುತ್ತಿದ್ದ ಕಾಲ.

ಟ್ರೆಂಟ್ ಮಹಾಸಭೆ ತನ್ನ ಕೊನೆಯ ಅಧಿವೇಶನದಲ್ಲಿ, 1563ರ ಡಿಸೆಂಬರಿನಲ್ಲಿ, ಚಿತ್ರಗಳ ಬಗ್ಗೆ ತೀರ್ಮಾನಿಸಿತು. ಕ್ರಿಸ್ತರ, ಮಾತೆಯ, ಸಂತರ ಚಿತ್ರಗಳು ಇಗರ್ಜಿಗಳಲ್ಲಿ ಇರಬೇಕು. ಅವುಗಳಿಗೆ ಸಲ್ಲುವ ಗೌರವ ಅವು ತೋರಿಸುವ ವ್ಯಕ್ತಿಗಳಿಗೆ ಸಲ್ಲುತ್ತದೆ. ಮೂಢನಂಬಿಕೆ, ಕಾಮೋದ್ರೇಕ ಕೂಡದು. ವಾಡಿಕೆಯಲ್ಲದ ಚಿತ್ರಕ್ಕೆ ಧರ್ಮಾಧ್ಯಕ್ಷರ ಒಪ್ಪಿಗೆ ಬೇಕು. ಮೈಕೆಲೆಂಜೆಲೊ 1564ರ ಫೆಬ್ರವರಿ 18ರಂದು ನಿಧನನಾದನು. ಅವನ ಸ್ನೇಹಿತನೇ ಆಗಿದ್ದ ದಾನಿಯೇಲೆ ದಾ ವೊಲ್ತೆರ್ರಾ 1565ರಲ್ಲಿ ಆ ದೇಹಗಳಿಗೆ ಬಟ್ಟೆ ತೊಡಿಸಲು ಆರಂಭಿಸಿದನು. ರೋಮಿನ ಜನ ಅವನಿಗೆ ‘ಚಡ್ಡಿ ಹೊಲಿಯುವವನು’ ಎಂಬ ಅಡ್ಡಹೆಸರಿಟ್ಟರು. ಒಳ್ಳೆಯ ಚಿತ್ರಕಾರನಾಗಿದ್ದ ಅವನನ್ನು ಲೋಕ ನೆನಪಿಟ್ಟುಕೊಂಡದ್ದು ಈ ಹೆಸರಿನಿಂದ. ನಮ್ಮ ಮಟ್ಟಿಗೆ ಅವನ ಬಗ್ಗೆ ಕನಿಕರವೇ ಹೆಚ್ಚು: ಅವನು ಒಪ್ಪದಿದ್ದರೆ ಇಡೀ ಗೋಡೆಯನ್ನೇ ಕೆಡವುವ ಅಪಾಯವಿತ್ತು. 1990ರಿಂದ 1994ರವರೆಗೆ ನಡೆದ ಶುದ್ಧೀಕರಣದಲ್ಲಿ ಆಮೇಲಿನವರು ಸೇರಿಸಿದ ಹಲವು ಬಟ್ಟೆಗಳನ್ನು ತೆಗೆದರು. ದಾನಿಯೇಲೆ ತೊಡಿಸಿದ್ದನ್ನು ಚರಿತ್ರೆಯ ಸಾಕ್ಷಿಯಾಗಿ ಉಳಿಸಿಕೊಂಡರು.

ಟ್ರೆಂಟಿನ ನಿಯಮ ದಿನನಿತ್ಯದಲ್ಲಿ ಹೇಗೆ ಕೆಲಸ ಮಾಡಿತು ಎಂಬುದಕ್ಕೆ ವೆನಿಸಿನ ಒಂದು ದಾಖಲೆ ಬಹಳ ರುಚಿಕರವಾಗಿದೆ. ಪಾವ್ಲೊ ವೆರೊನೀಸ್ ಅಲ್ಲಿಯ ಡೊಮಿನಿಕನ್ ಮಠದ ಭೋಜನಶಾಲೆಗೆ ಸುಮಾರು 13 ಮೀಟರ್ ಅಗಲದ ಕಡೆಯ ಭೋಜನವನ್ನು ಬರೆದನು. ಅದರಲ್ಲಿ ಕೈಯಲ್ಲಿ ಗಿಳಿ ಹಿಡಿದ ವಿದೂಷಕ, ಕುಳ್ಳರು, ಮೂಗಿನಿಂದ ರಕ್ತ ಸುರಿಯುವ ಆಳು, ಹಲ್ಲು ಕೆದಕುವ ಅತಿಥಿ, ಜರ್ಮನ್ ಸೈನಿಕರು ಎಲ್ಲರೂ ಇದ್ದರು. 1573ರ ಜುಲೈ 18ರಂದು ಅವನನ್ನು ಧರ್ಮವಿಚಾರಣಾ ಮಂಡಳಿಯ ಮುಂದೆ ಕರೆಸಲಾಯಿತು. ಪ್ರಭುವಿನ ಕಡೆಯ ಭೋಜನದಲ್ಲಿ ಇವರಿಗೆಲ್ಲ ಏನು ಕೆಲಸ ಎಂದು ಕೇಳಿದರು. ಕವಿಗಳೂ ಹುಚ್ಚರೂ ತೆಗೆದುಕೊಳ್ಳುವ ಸ್ವಾತಂತ್ರ್ಯವನ್ನೇ ಚಿತ್ರಕಾರರೂ ತೆಗೆದುಕೊಳ್ಳುತ್ತಾರೆ ಎಂಬರ್ಥದ ಉತ್ತರ ಕೊಟ್ಟನು. ಚಿತ್ರ ದೊಡ್ಡದಿತ್ತು, ಜಾಗ ತುಂಬಬೇಕಿತ್ತು ಎಂದೂ ಹೇಳಿದನು. ಮೂರು ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ತಿದ್ದಬೇಕೆಂದು ತೀರ್ಪಾಯಿತು. ವೆರೊನೀಸ್ ಗಿಳಿಯನ್ನೂ ತೆಗೆಯಲಿಲ್ಲ, ಕುಳ್ಳರನ್ನೂ ತೆಗೆಯಲಿಲ್ಲ. ಚಿತ್ರದ ಹೆಸರನ್ನು ‘ಲೇವಿಯ ಮನೆಯ ಔತಣ’ ಎಂದು ಬದಲಾಯಿಸಿದನು. ಸುಂಕದವನ ಮನೆಯ ಊಟದಲ್ಲಿ ಎಂಥವರೂ ಇರಬಹುದಲ್ಲ!

ಗೋವೆಯ ಹಡಗಿನಲ್ಲಿ

ಈ ಕಥೆಯ ಒಂದು ಎಳೆ ನಮ್ಮ ಪಶ್ಚಿಮ ಕರಾವಳಿಯನ್ನೂ ತಾಗುತ್ತದೆ. 1580ರಲ್ಲಿ ಗೋವೆಯಿಂದ ಹೊರಟ ಯೇಸುಸಭೆಯ ಗುರುಗಳು ಫತೇಪುರ್ ಸಿಕ್ರಿಯಲ್ಲಿ ಅಕ್ಬರನ ಆಸ್ಥಾನವನ್ನು ತಲುಪಿದರು. ಮುಂದಾಳು ರುಡಾಲ್ಫ್ ಅಕ್ವಾವೀವ, 1583ರಲ್ಲಿ ಗೋವೆಯ ಕುಂಕಳ್ಳಿಯಲ್ಲಿ ರಕ್ತಸಾಕ್ಷಿಯಾದವರು. ಅವರು ಕೊಂಡೊಯ್ದ ಮಾತೆ ಮರಿಯಳ ಚಿತ್ರ ಯಾವುದು? ರಫಾಯೆಲನ ಶೈಲಿಯದ್ದಲ್ಲ, ಟಿಶಿಯನ್ನನ ಶೈಲಿಯದ್ದೂ ಅಲ್ಲ. ರೋಮಿನ ಸಾಂತ ಮರೀಯ ಮಜ್ಜೋರೆ ಮಹಾಮಂದಿರದಲ್ಲಿರುವ, ಚಿನ್ನದ ಹಿನ್ನೆಲೆಯ ಪುರಾತನ ಚಿತ್ರದ ಪ್ರತಿ. ಇನ್ನೂರು ವರ್ಷಗಳ ಹೊಸ ವಿದ್ಯೆಯೆಲ್ಲ ಕೈಯಲ್ಲಿದ್ದಾಗಲೂ, ಪರದೇಶದ ಅರಸನ ಮುಂದೆ ಮಾತೆಯನ್ನು ತೋರಿಸಬೇಕಾದಾಗ ಅವರು ಆರಿಸಿದ್ದು ಹಳೆಯದನ್ನು. ಅಕ್ಬರ್ ಅದಕ್ಕೆ ಗೌರವ ಸಲ್ಲಿಸಿದನೆಂದು ಆ ಗುರುಗಳು ಬರೆದಿದ್ದಾರೆ.

ಹೊಸ ಶೈಲಿ ಬಂದದ್ದು ಪುಸ್ತಕಗಳ ಒಳಗೆ, ಮುದ್ರಿತ ಹಾಳೆಗಳಲ್ಲಿ. ಆಂಟ್‌ವರ್ಪಿನಲ್ಲಿ ಅಚ್ಚಾದ ಬಹುಭಾಷಾ ಬೈಬಲ್ಲನ್ನು ಅದೇ ತಂಡ ಅಕ್ಬರನಿಗೆ ಕಾಣಿಕೆಯಾಗಿ ಕೊಟ್ಟಿತು. ಅದರ ಮುಖಪುಟಗಳ ಚಿತ್ರಗಳನ್ನು ಆಸ್ಥಾನದ ಚಿತ್ರಕಾರರು ತಿರುವಿ ತಿರುವಿ ನೋಡಿದರು. ಶಿಲುಬೆಯ ಬಳಿ ಕೈ ಜೋಡಿಸಿ ನಿಂತ ಸಂತ ಯೊವಾನ್ನರನ್ನು ಜರ್ಮನಿಯ ಡ್ಯೂರರ್ 1511ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ್ದನು. 1600ರಲ್ಲಿ ಮೊಗಲ್ ಆಸ್ಥಾನದಲ್ಲಿ ಅಬುಲ್ ಹಸನ್ ಎಂಬ ಚಿತ್ರಕಾರ ಅದನ್ನು ನೋಡಿ ಗೆರೆಗೆ ಗೆರೆ, ನೆರಳಿಗೆ ನೆರಳು ಕೂಡಿಸಿ ಬರೆದನು. ಆ ಹಾಳೆ ಈಗ ಆಕ್ಸ್‌ಫರ್ಡಿನ ಸಂಗ್ರಹಾಲಯದಲ್ಲಿದೆ. ಬರೆದಾಗ ಅಬುಲ್ ಹಸನನಿಗೆ ಹದಿಮೂರು ವರ್ಷ.